ಕಾಣದ ಇಲಿಯ ಮಿದುಳು

ಹೊನ್ನಾಳಿ, ನ್ಯಾಮತಿಗಳ ಭತ್ತದ ಗದ್ದೆಗಳಲ್ಲಿ ತೆನೆ ಹಾಲುಗಟ್ಟುವ ಕಾಲಕ್ಕೆ ಬದುಗಳ ಮೇಲೆ ಅಲ್ಲಲ್ಲಿ ಹೊಸಮಣ್ಣಿನ ಗುಪ್ಪೆಗಳು ಏಳುತ್ತವೆ. ಚನ್ನಗಿರಿಯ ಕಡೆ, ಶಾಂತಿಸಾಗರದ ನೀರುಂಡ ಬಯಲುಗಳಲ್ಲಿಯೂ ಈ ನೋಟ ಹೊಸದಲ್ಲ. ಜಗಳೂರಿನ ಒಣಭೂಮಿಗೆ ಬಂದರೆ ಗುಪ್ಪೆಗಳ ಬದಲು ಶೇಂಗಾ ಹೊಲಗಳ ಕೆಮ್ಮಣ್ಣಿನಲ್ಲಿ ಬಾಯಿ ತೆರೆದ ತೂತುಗಳು ಕಾಣುತ್ತವೆ. ಮೊದಲನೆಯದು ಗದ್ದೆಯ ಹೆಗ್ಗಣದ ಕೆಲಸ. ಎರಡನೆಯದು ಬಾಲದ ತುದಿಯಲ್ಲಿ ಕೂದಲಿನ ಕುಚ್ಚುಳ್ಳ, ಜರ್ಬಿಲ್ ಎಂದು ಪ್ರಾಣಿಶಾಸ್ತ್ರದವರು ಕರೆಯುವ ಬಯಲು ಇಲಿಯದು. ರೈತನಿಗೆ ಎರಡೂ ಶತ್ರುಗಳೇ. ಹೆಗ್ಗಣವಂತೂ ತಿನ್ನುವುದಲ್ಲದೆ ಕೂಡಿಡುವುದರಲ್ಲಿಯೂ ನಿಸ್ಸೀಮ. ಬರದ ವರ್ಷಗಳಲ್ಲಿ ನಮ್ಮ ದೇಶದ ಹಲವೆಡೆ ಬಡವರು ಅದರ ಬಿಲವನ್ನು ಅಗೆದು, ಅದು ಬಚ್ಚಿಟ್ಟ ತೆನೆಗಳನ್ನು ಮರಳಿ ಪಡೆದು ಹೊಟ್ಟೆ ಹೊರೆದುದುಂಟು.

ಬೆಳೆಯ ನಷ್ಟವನ್ನು ಲೆಕ್ಕ ಹಾಕುವುದು ಈ ಭಾಷಣದ ಉದ್ದೇಶವಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಬದುವಿನ ಒಳಗೆ ಒಂದೆರಡು ಅಡಿ ಆಳದಲ್ಲಿ ನಡುಹಗಲೂ ನಡುರಾತ್ರಿಯೂ ಒಂದೇ. ಅಲ್ಲಿ ಕವಲೊಡೆದ ಹಾದಿಗಳಿವೆ, ಉಗ್ರಾಣಗಳಿವೆ, ಮರಿಗಳ ಗೂಡಿದೆ, ಅಪಾಯ ಬಂದಾಗ ಓಡಿಹೋಗುವ ಗುಟ್ಟಿನ ಬಾಗಿಲಿದೆ. ಇಷ್ಟನ್ನೂ ಆ ಪ್ರಾಣಿ ಯಾವುದರಿಂದ ಅರಿಯುತ್ತದೆ? ಮೂಗಿನಿಂದ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಅದು ಸುಳ್ಳಲ್ಲ, ಆದರೆ ದಿಟದ ಒಂದು ತುಣುಕು ಮಾತ್ರ. ಬಿಲದೊಳಗಿನ ಜೀವನ ಬಹುಮಟ್ಟಿಗೆ ಸ್ಪರ್ಶದ ಜೀವನ.

ಇಲಿಯ ಮೂತಿಯ ಒಂದೊಂದು ಪಕ್ಕದಲ್ಲಿಯೂ ಮೂವತ್ತಕ್ಕೂ ಮಿಕ್ಕು ಉದ್ದನೆಯ ಮೀಸೆಗಳು ಸಾಲುಸಾಲಾಗಿ ನಾಟಿಕೊಂಡಿರುತ್ತವೆ. ಅವು ಅಲಂಕಾರಕ್ಕೆ ಬೆಳೆದ ಮೀಸೆಗಳಲ್ಲ. ನಡೆಯುವಾಗ ಇಲಿ ಅವನ್ನು ಸೆಕೆಂಡಿಗೆ ಎಂಟು ಹತ್ತು ಸಲ ಹಿಂದಕ್ಕೂ ಮುಂದಕ್ಕೂ ಬೀಸುತ್ತದೆ. ಮೀಸೆ ಗೋಡೆಗೆ ತಗುಲಿ ಒಂದಿಷ್ಟು ಬಾಗಿದರೆ ಸಾಕು, ಅದರ ಬುಡದಲ್ಲಿರುವ ನರತುದಿಗಳು ಸುದ್ದಿ ಕಳುಹಿಸುತ್ತವೆ. ಗೋಡೆ ಎಷ್ಟು ದೂರ, ನುಣುಪೋ ಒರಟೋ, ಸಂದು ಮೈ ತೂರುವಷ್ಟು ಅಗಲವಿದೆಯೋ ಇಲ್ಲವೋ, ಎಲ್ಲವೂ ಈ ಬಾಗುಬಳುಕಿನ ಲೆಕ್ಕಾಚಾರದಲ್ಲಿ ತಿಳಿಯುತ್ತದೆ. 1970ರಲ್ಲಿ ಥಾಮಸ್ ವುಲ್ಸೇ ಮತ್ತು ಹೆಂಡ್ರಿಕ್ ವ್ಯಾನ್ ಡರ್ ಲೂಸ್ ಎಂಬ ಇಬ್ಬರು ಸುಂಡಿಲಿಯ ಮಿದುಳಿನ ಹೊರಪದರವನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳು ಅಲ್ಲಿ ಚಿಕ್ಕಚಿಕ್ಕ ಪೀಪಾಯಿಗಳ ಆಕಾರದಲ್ಲಿ ಗುಂಪುಗಟ್ಟಿದ್ದುವು. ಎಣಿಸಿ ನೋಡಿದರೆ ಒಂದು ಮೀಸೆಗೆ ಒಂದು ಪೀಪಾಯಿ. ಮೂತಿಯ ಮೇಲೆ ಮೀಸೆಗಳು ಯಾವ ಸಾಲಿನಲ್ಲಿವೆಯೋ ಮಿದುಳಿನಲ್ಲಿ ಪೀಪಾಯಿಗಳೂ ಅದೇ ಸಾಲಿನಲ್ಲಿ! ಎಡಮೀಸೆಯ ನಕ್ಷೆ ಬಲ ಮಿದುಳಿನಲ್ಲಿ, ಬಲಮೀಸೆಯದು ಎಡದಲ್ಲಿ. ಗ್ರಾಮಲೆಕ್ಕಿಗನ ನಕಾಶೆಯಲ್ಲಿ ಒಂದೊಂದು ಹೊಲಕ್ಕೂ ಒಂದೊಂದು ಸರ್ವೆ ನಂಬರು ಇರುವಂತೆ, ಮಿದುಳು ತನ್ನ ಮೀಸೆಗಳ ಪಹಣಿಯನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡಿದೆ.

ಮನುಷ್ಯನ ಮಿದುಳಿನಲ್ಲಿಯೂ ಇಂಥ ನಕ್ಷೆಯುಂಟು. ಕೆನಡಾದ ಮಾಂಟ್ರಿಯಲ್ ನಗರದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಾಗಿಯೇ ಇದ್ದ ರೋಗಿಗಳ ಮಿದುಳನ್ನು ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅತಿ ಸಣ್ಣ ವಿದ್ಯುತ್ತಿನಿಂದ ಮುಟ್ಟಿ, ‘ಎಲ್ಲಿ ಏನು ಅನ್ನಿಸಿತು?’ ಎಂದು ಕೇಳುತ್ತ ಹೋದ. 1937ರಲ್ಲಿ ಆತ ಪ್ರಕಟಿಸಿದ ನಕ್ಷೆಯನ್ನು ದೇಹದ ಆಕಾರಕ್ಕೆ ತಂದರೆ ಗದ್ದೆಯಲ್ಲಿ ನಿಲ್ಲಿಸಿದ ಬೆದರುಬೊಂಬೆಯಂಥ ಮೂರ್ತಿ ಏಳುತ್ತದೆ: ಆನೆಗಾತ್ರದ ತುಟಿ, ಮೊರದಗಲದ ಕೈ, ಕಡ್ಡಿಯಂಥ ಬೆನ್ನು. ನಮ್ಮ ಬೆನ್ನಿನ ವಿಸ್ತಾರ ದೊಡ್ಡದಾದರೂ ಅದಕ್ಕೆ ಸಿಕ್ಕಿರುವುದು ಗುಂಟೆ ಲೆಕ್ಕದ ಜಾಗ. ತೋರುಬೆರಳ ತುದಿಗೆ ಎಕರೆ ಲೆಕ್ಕ. ಮಿದುಳು ಜಾಗ ಹಂಚುವಾಗ ಅಂಗದ ಗಾತ್ರವನ್ನು ನೋಡುವುದಿಲ್ಲ, ಅದು ಮಾಡುವ ದುಡಿಮೆಯನ್ನು ನೋಡುತ್ತದೆ.

ಹಾಗಾದರೆ, ಕಣ್ಣನ್ನೇ ಬಿಟ್ಟುಕೊಟ್ಟ ಪ್ರಾಣಿಯ ನಕ್ಷೆ ಹೇಗಿದ್ದೀತು? ಇದನ್ನು ಕಾಣಲು ನಮ್ಮ ಹೊಲಗಳ ಇಲಿಗಳು ಸಾಲವು. ಹೆಗ್ಗಣವೂ ಬಯಲು ಇಲಿಯೂ ಬಿಲದ ನಿವಾಸಿಗಳಾದರೂ ರಾತ್ರಿ ಹೊರಬಂದು ಮೇಯುವಂಥವು. ಜಗಳೂರಿನ ಬಯಲು ಇಲಿಯ ಕಣ್ಣುಗಳಂತೂ ಗೋಲಿಗಳಂತೆ ದೊಡ್ಡವು. ಹುಟ್ಟಿನಿಂದ ಸಾವಿನವರೆಗೂ ಮಣ್ಣಿನೊಳಗೇ ಉಳಿದು ದೃಷ್ಟಿಯನ್ನು ಕಳೆದುಕೊಂಡ ದಂಶಕ ನಮ್ಮ ನಾಡಿನಲ್ಲಿಲ್ಲ. ಅದನ್ನು ಹುಡುಕಿಕೊಂಡು ಅರಬ್ಬಿ ಸಮುದ್ರದ ಆಚೆಗೆ, ಕೀನ್ಯಾ, ಇಥಿಯೋಪಿಯ, ಸೊಮಾಲಿಯಗಳಿಗೆ ಹೋಗಬೇಕು. ಅಲ್ಲಿನ ಒಣನೆಲ ಜಗಳೂರಿನ ರೈತನಿಗೆ ತೀರ ಅಪರಿಚಿತವೆನಿಸದು: ಕೆಂಪುಮಣ್ಣು, ನಂಬಲಾಗದ ಮಳೆ, ಕಲ್ಲಿನಂತೆ ಗಟ್ಟಿಯಾಗುವ ಬೇಸಗೆಯ ಭೂಮಿ.

ಆ ನೆಲದೊಳಗೆ ‘ನೇಕೆಡ್ ಮೋಲ್ ರ್‍ಯಾಟ್’ ಎಂಬ ಪ್ರಾಣಿ ಬಾಳುತ್ತದೆ. ನಾವು ಬೆತ್ತಲೆ ಇಲಿ ಎನ್ನೋಣ. ನೋಡಲು ಸುಂದರವೆಂದು ಯಾರೂ ಹೇಳಲಾರರು. ಬೆರಳುದ್ದದ, ಸುಕ್ಕುಸುಕ್ಕಾದ ನಸುಗೆಂಪು ಚರ್ಮದ ದೇಹ. ಗುಂಡುಸೂಜಿಯ ತಲೆಯಷ್ಟು ಕಣ್ಣು, ಅದೂ ಹೆಚ್ಚು ಹೊತ್ತು ಮುಚ್ಚಿಯೇ ಇರುತ್ತದೆ. ತುಟಿಯ ಹೊರಗೆ ಚಾಚಿಕೊಂಡ ನಾಲ್ಕು ಬಾಚಿಹಲ್ಲುಗಳು. ಹೊರಗೆ ಎಂಬ ಮಾತನ್ನು ಗಮನಿಸಬೇಕು. ತುಟಿಗಳು ಹಲ್ಲಿನ ಹಿಂದುಗಡೆ ಮುಚ್ಚಿಕೊಳ್ಳುತ್ತವೆ; ಆದುದರಿಂದ ಅಗೆಯುವಾಗ ಬಾಯಿಗೆ ಮಣ್ಣು ಬೀಳುವುದಿಲ್ಲ. ಗುದ್ದಲಿ, ಹಾರೆ, ಚಿಮಟ, ಮರಿಯನ್ನು ಎತ್ತುವ ಕೈ, ಎಲ್ಲವೂ ಈ ಹಲ್ಲುಗಳೇ. ದೇಹದ ಸ್ನಾಯುಗಳಲ್ಲಿ ಸುಮಾರು ಕಾಲುಭಾಗ ದವಡೆಗೇ ಮೀಸಲು. ಕೆಳಗಿನ ಎರಡು ಹಲ್ಲುಗಳನ್ನು ಅದು ಬೇಕೆಂದಾಗ ಬೇರೆಬೇರೆಯಾಗಿ ಆಡಿಸಬಲ್ಲುದು. ನಾವು ಎರಡು ಬೆರಳುಗಳಿಂದ ಕಾಳು ಹೆಕ್ಕುವಂತೆ ಅದು ಎರಡು ಹಲ್ಲುಗಳಿಂದ ಗೆಡ್ಡೆಯ ಚೂರನ್ನು ಹಿಡಿಯುತ್ತದೆ. ಎಪ್ಪತ್ತು ಎಂಬತ್ತು ಇಲಿಗಳು ಒಂದೇ ಸಂಸಾರವಾಗಿ, ಜೇನುಗೂಡಿನಂತೆ ಒಬ್ಬಳೇ ರಾಣಿಯ ಆಳ್ವಿಕೆಯಲ್ಲಿ ಬಾಳುತ್ತವೆ. ದಕ್ಷಿಣ ಆಫ್ರಿಕದ ಜೆನಿಫರ್ ಜಾರ್ವಿಸ್ ಇದನ್ನು 1981ರಲ್ಲಿ ಪ್ರಕಟಿಸಿದಾಗ ವಿದ್ವಲ್ಲೋಕ ಬೆರಗಾಯಿತು. ಮೂವತ್ತು ವರ್ಷ ದಾಟಿ ಬದುಕಿದ ಬೆತ್ತಲೆ ಇಲಿಗಳೂ ಉಂಟು. ಅವುಗಳ ಆಯುಸ್ಸಿನ ಗುಟ್ಟೇ ಬೇರೊಂದು ಭಾಷಣಕ್ಕೆ ವಸ್ತುವಾದೀತು. ಅತ್ತ ಹೋಗುವುದು ಬೇಡ.

ಬೆತ್ತಲೆ ಎಂದರೂ ಪೂರಾ ಬೆತ್ತಲೆಯಲ್ಲ. ಮೈಯುದ್ದಕ್ಕೂ ಅಷ್ಟಷ್ಟು ದೂರಕ್ಕೆ ಒಂದೊಂದರಂತೆ ಬಿಡಿಕೂದಲುಗಳಿವೆ. ಮೂತಿಯ ಮೀಸೆಯೇ ಮೈಯೆಲ್ಲ ಹರಡಿದಂತೆ. ಬೆನ್ನಿನ ಒಂದೇ ಒಂದು ಕೂದಲನ್ನು ಮೆಲ್ಲನೆ ಸೋಕಿದರೂ ಇಲಿ ತಪ್ಪದೆ ಆ ಕಡೆಗೇ ಮೂತಿ ತಿರುಗಿಸುತ್ತದೆ. ಸುರಂಗದಲ್ಲಿ ಅದು ಮುಂದಕ್ಕೆ ಓಡುವಷ್ಟೇ ವೇಗವಾಗಿ ಹಿಂದಕ್ಕೂ ಓಡುತ್ತದೆ. ಹಿಂದೆ ಗೋಡೆ ಎಲ್ಲಿದೆಯೆಂದು ಈ ಕೂದಲುಗಳು ಹೇಳದೆ ಹೋದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಕೆನೆತ್ ಕಟಾನಿಯಾ ಮತ್ತು ಮೈಕೇಲ್ ರೆಂಪಲ್ ಈ ಇಲಿಯ ಮಿದುಳಿನಲ್ಲಿ ಸ್ಪರ್ಶದ ನಕ್ಷೆಯನ್ನು ಅಳೆದರು. ಅರಿವಳಿಕೆ ಕೊಟ್ಟ ಇಲಿಯ ಮೈಯನ್ನು ಒಂದೊಂದೆಡೆಯೂ ಮುಟ್ಟುತ್ತ, ಮಿದುಳಿನ ಯಾವ ನರಕೋಶಗಳು ಮಿಡಿಯುತ್ತವೆ ಎಂದು ಅತಿ ಸೂಕ್ಷ್ಮವಾದ ತಂತಿಗಳಿಂದ ಆಲಿಸಿದರು. 2002ರಲ್ಲಿ ಪ್ರಕಟವಾದ ಅವರ ಲೆಕ್ಕ ವಿಚಿತ್ರವಾಗಿದೆ. ಸ್ಪರ್ಶಕ್ಕೆ ಮೀಸಲಾದ ಮುಖ್ಯ ಕ್ಷೇತ್ರದಲ್ಲಿ ಶೇಕಡಾ 31ರಷ್ಟು ಜಾಗ ನಾಲ್ಕು ಬಾಚಿಹಲ್ಲುಗಳಿಗೆ ಸೇರಿತ್ತು! ಹಲ್ಲಿಗೆ ಎಲ್ಲಿಯ ಸ್ಪರ್ಶ ಎಂದು ಕೇಳುವವರು ಅನ್ನದಲ್ಲಿ ಕಲ್ಲು ಸಿಕ್ಕ ಗಳಿಗೆಯನ್ನು ನೆನೆಯಬಹುದು. ಹಲ್ಲಿನ ಮೇಲ್ಮೈಗೆ ಸಂವೇದನೆಯಿಲ್ಲದಿದ್ದರೂ ಅದರ ಬೇರನ್ನು ಎಲುಬಿಗೆ ಬಿಗಿದ ತಂತುಗಳಲ್ಲಿ ನರತುದಿಗಳು ಹೊಂಚಿಕೊಂಡಿವೆ. ಎಳ್ಳಷ್ಟು ಕಲ್ಲನ್ನೂ ನಮ್ಮ ಹಲ್ಲು ನಾಲಗೆಗಿಂತ ಮೊದಲು ಗುರುತಿಸುತ್ತದೆ. ನಮ್ಮ ಪಾಲಿಗೆ ಊಟದ ಹೊತ್ತಿನ ಕಿರಿಕಿರಿಯಾದ ಇದು ಬೆತ್ತಲೆ ಇಲಿಗೆ ಪ್ರಪಂಚಜ್ಞಾನದ ಹೆಬ್ಬಾಗಿಲು.

ಬೆಟ್ಟ ಅಗೆದು ಇಲಿ ಹಿಡಿದರು ಎಂಬ ನಮ್ಮ ಗಾದೆ ಇಲ್ಲಿ ತಿರುವುಮುರುವಾಗಿದೆ. ಇಲಿಯನ್ನು ಅಗೆದವರಿಗೆ ಬೆಟ್ಟವೇ ಸಿಕ್ಕಿತು. ಏಕೆಂದರೆ ಸ್ಪರ್ಶದ ಆ ಕ್ಷೇತ್ರ ತನ್ನ ಎಲ್ಲೆಯಲ್ಲಿ ನಿಂತಿರಲಿಲ್ಲ. ಬೇರೆ ದಂಶಕಗಳಲ್ಲಿ ದೃಷ್ಟಿಗೆ ಮೀಸಲಾದ, ಮಿದುಳಿನ ಹಿಂಭಾಗದ ನೆಲಕ್ಕೂ ಅದು ಹಬ್ಬಿತ್ತು. ಸರಕಾರದ ಬೀಳುನೆಲವನ್ನು ಹುಕುಮಿಲ್ಲದೆಯೇ ಉತ್ತು ಬಿತ್ತುವುದಕ್ಕೆ ನಮ್ಮಲ್ಲಿ ‘ಬಗರ್ ಹುಕುಂ’ ಎನ್ನುತ್ತೇವೆ. ಮಿದುಳಿನಲ್ಲಿ ನಡೆದದ್ದೂ ಅದೇ. ಕಣ್ಣು ಉಳುವುದನ್ನು ಬಿಟ್ಟ ಭೂಮಿಯನ್ನು ಪಕ್ಕದ ಹೊಲದ ಹಲ್ಲು ಉಳತೊಡಗಿತು.

ಬೆತ್ತಲೆ ಇಲಿಗಾದರೂ ಕಿರಿದಾದ ಕಣ್ಣುಂಟು. ಇಸ್ರೇಲ್ ಮತ್ತು ಅದರ ಸುತ್ತಣ ನಾಡುಗಳ ಸ್ಪಾಲಾಕ್ಸ್ ಎಂಬ ದಂಶಕಕ್ಕೆ ಅದೂ ಇಲ್ಲ. ಅದರ ಕಣ್ಣುಗಳು ಚರ್ಮದ ಕೆಳಗೆ ಹೂತುಹೋಗಿವೆ. ಹೊರಗೆ ರೆಪ್ಪೆಯ ಗುರುತು ಕೂಡ ಕಾಣದು. ಚರ್ಮದಡಿಯಲ್ಲಿ ಕಣ್ಣುಳ್ಳ ಬಿಲವಾಸಿಯೊಂದರ ಸಂಗತಿಯನ್ನು ಅರಿಸ್ಟಾಟಲ್ ತನ್ನ ಪ್ರಾಣಿಶಾಸ್ತ್ರದಲ್ಲಿಯೇ ಬರೆದಿದ್ದಾನೆ. 1993ರಲ್ಲಿ ಕೂಪರ್, ಎರ್ಬಾಂ, ನೆವೋ ಎಂಬ ಮೂವರು ಇದರ ಮಿದುಳನ್ನು ಅಳೆದು ನೋಡಿದಾಗ, ಆಕಾರವನ್ನೂ ಚಲನೆಯನ್ನೂ ಕಾಣುವುದಕ್ಕೆ ಬೇಕಾದ ಭಾಗಗಳು ಶೇಕಡಾ 87ರಿಂದ 97ರವರೆಗೆ ಕುಗ್ಗಿಹೋಗಿದ್ದುವು. ಹಗಲು ರಾತ್ರಿಗಳ ಲೆಕ್ಕವನ್ನಿಡುವ ಭಾಗ ಮಾತ್ರ ಕುಂದಿಲ್ಲದೆ ಉಳಿದಿತ್ತು. ಹೂತ ಕಣ್ಣು ನೋಟವನ್ನು ಬಿಟ್ಟಿತು, ಗಡಿಯಾರದ ಚಾಕರಿಯನ್ನು ಬಿಡಲಿಲ್ಲ.

ಸ್ಪಾಲಾಕ್ಸ್ ಒಂಟಿಜೀವಿ, ಮಹಾ ಜಗಳಗಂಟಿ. ತನ್ನ ಸುರಂಗಕ್ಕೆ ನೆರೆಯವನು ಕಾಲಿಟ್ಟರೆ ಸಹಿಸದು. ಆದರೂ ನೆರೆಹೊರೆಯ ಸಂಭಾಷಣೆ ನಡೆಯಬೇಕಲ್ಲ! ಅದಕ್ಕಾಗಿ ಅದು ತನ್ನ ಚಪ್ಪಟೆ ತಲೆಯನ್ನು ಸುರಂಗದ ಚಾವಣಿಗೆ ಡಬಡಬನೆ ಬಡಿಯುತ್ತದೆ. ಆ ಕಂಪನ ಮಣ್ಣಿನಲ್ಲಿ ಹರಿದು ಪಕ್ಕದ ಬಿಲವನ್ನು ಮುಟ್ಟುತ್ತದೆ. ಅಲ್ಲಿಂದ ಮಾರುತ್ತರ ಬರುತ್ತದೆ. ಈ ಕಂಪನವನ್ನು ಅದು ಕೇಳುತ್ತದೆಯೋ, ಮುಟ್ಟಿ ತಿಳಿಯುತ್ತದೆಯೋ? ಇದರ ಬಗ್ಗೆ ವಿದ್ವಾಂಸರಲ್ಲಿ ಎರಡು ಪಕ್ಷಗಳಾದುವು. ಕೆಳದವಡೆಯನ್ನು ಗೋಡೆಗೆ ಒತ್ತಿಟ್ಟುಕೊಳ್ಳುವುದರಿಂದ ಎಲುಬಿನ ಮೂಲಕ ಸದ್ದು ಕಿವಿಗೆ ಹೋಗುತ್ತದೆ ಎಂದು ಒಂದು ಪಕ್ಷ. ಅಂಗಾಲಿನ ಮೂಲಕ ಸ್ಪರ್ಶವಾಗಿಯೇ ತಿಳಿಯುತ್ತದೆ ಎಂದು ಇನ್ನೊಂದು. ನನಗೆ ತೋರುವಂತೆ ಕೇಳುವುದು, ಮುಟ್ಟುವುದು ಎಂಬ ಗೆರೆ ನೆಲದ ಮೇಲಿನವರು ಎಳೆದುಕೊಂಡದ್ದು. ಮೈಯೆಲ್ಲ ಮಣ್ಣಿಗೆ ತಾಗಿಕೊಂಡಿರುವ ಪ್ರಾಣಿಗೆ ಅದರ ಹಂಗೇನು? ತೆಲ್ ಅವೀವ್ ವಿಶ್ವವಿದ್ಯಾನಿಲಯದ ಕಿಮ್ಚಿ ಮತ್ತು ಟರ್ಕೆಲ್ ಅದರ ಸುರಂಗಕ್ಕೆ ಅಡ್ಡಲಾಗಿ ಗುಂಡಿ ತೋಡಿ ಕಾದರು. ಅದು ಆ ಗುಂಡಿಯನ್ನು ಬಳಸಿಕೊಂಡು ಹೊಸ ಸುರಂಗ ಕೊರೆದು ಹಳೆಯ ಹಾದಿಯನ್ನೇ ಹೋಗಿ ಸೇರಿತು. ಅಡ್ಡಿ ಒಂದು ಕಡೆಗೆ ಹೆಚ್ಚು ಚಾಚಿದ್ದರೆ ಮತ್ತೊಂದು ಕಡೆಯ ಹತ್ತಿರದ ದಾರಿಯನ್ನೇ ಆರಿಸಿತು. ತಾನೇ ಬಡಿದ ತಲೆಯ ಕಂಪನ ಅಡ್ಡಿಗೆ ತಾಗಿ ಮರಳಿ ಬರುವುದನ್ನು ಅದು ಅರಿಯುತ್ತದೆ ಎಂದು ಅವರು 2005ರಲ್ಲಿ ಬರೆದರು. ಈ ಪ್ರಾಣಿಯ ಮಿದುಳಿನಲ್ಲಿಯೂ ಕಣ್ಣಿನ ಬೀಳುನೆಲ ಬೀಳಾಗಿ ಉಳಿದಿಲ್ಲ. ಒಂದು ಕಡೆಯಿಂದ ಸ್ಪರ್ಶ, ಮತ್ತೊಂದು ಕಡೆಯಿಂದ ಶ್ರವಣ ಅದನ್ನು ಒತ್ತಿಕೊಂಡಿವೆ.

ಈ ಪಲ್ಲಟಗಳು ಲಕ್ಷಾಂತರ ವರ್ಷಗಳ ವಿಕಾಸದಲ್ಲಿ, ಪೀಳಿಗೆಯಿಂದ ಪೀಳಿಗೆಗೆ ಆದಂಥವು. ಒಂದು ಜೀವದ ಒಂದೇ ಆಯುಸ್ಸಿನಲ್ಲಿ ಇಂಥದು ನಡೆದೀತೆ? ನಡೆಯುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯದಲ್ಲಿ ಕಾನ್ ಮತ್ತು ಕ್ರುಬಿಟ್ಸರ್ ಎಂಬವರ ಪ್ರಯೋಗ ಸಾಕ್ಷಿ. ಇಲಿಗಾತ್ರದ ಅಪಾಸಮ್ ಎಂಬ ಪ್ರಾಣಿಯ ಎಳೆಮರಿಗಳ ಕಣ್ಣುಗಳನ್ನು, ದೃಷ್ಟಿಯ ನರಗಳು ಮಿದುಳಿಗೆ ನೆಲೆಗೊಳ್ಳುವ ಮೊದಲೇ ಅವರು ತೆಗೆದಿದ್ದರು. ಬೆಳೆದ ಮೇಲೆ ನೋಡಿದರೆ ದೃಷ್ಟಿಯ ಕ್ಷೇತ್ರದ ನರಕೋಶಗಳು ಸ್ಪರ್ಶಕ್ಕೂ ಸದ್ದಿಗೂ ಮಿಡಿಯುತ್ತಿದ್ದುವು. ಕ್ರೂರವೆನ್ನಿಸುವ ಪ್ರಯೋಗ, ಅದರ ಫಲ ಮಾತ್ರ ನಮ್ಮ ನೆರೆಮನೆಯವರೆಗೂ ಬರುತ್ತದೆ.

ಹುಟ್ಟು ಕುರುಡರು ಬೆರಳಿನಿಂದ ಓದುವುದನ್ನು ನಮ್ಮಲ್ಲಿ ಬಹುಮಂದಿ ಕಂಡಿರಬಹುದು. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ರೂಪುಗೊಂಡಿತು. ಆರು ಚುಕ್ಕಿಗಳ ಒಂದೊಂದು ಮನೆ. ಅವುಗಳ ಹೊಂದಿಕೆಯಲ್ಲಿ ನಮ್ಮ ವರ್ಣಮಾಲೆಯೆಲ್ಲ ಅಡಕ. ‘ಅ’ ಎಂದರೆ ಒಂದೇ ಚುಕ್ಕಿ. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಕೊಂಬು ದೀರ್ಘಗಳು ಪಕ್ಕಕ್ಕೆ ಚಾಚುವುದಿಲ್ಲ. ಎಲ್ಲವೂ ಒಂದರ ಹಿಂದೊಂದು ಒಂದೇ ಸಾಲಿನಲ್ಲಿ ನಡೆಯುತ್ತವೆ. ನುರಿತವರ ಬೆರಳು ಅದರ ಮೇಲೆ ಹರಿಯುವುದನ್ನು ನೋಡಿದರೆ ಇಲಿಯ ಮೀಸೆಯ ನೆನಪಾದೀತು. ಹೋಲಿಕೆಯಿಂದ ಯಾರೂ ನೊಂದುಕೊಳ್ಳಬಾರದು; ನಾನು ಆಡುತ್ತಿರುವುದು ಮೆಚ್ಚುಗೆಯ ಮಾತು.

ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡವರು ಬ್ರೈಲ್ ಓದುವಾಗ ಮಿದುಳಿನ ಹಿಂಭಾಗದ ದೃಷ್ಟಿಕ್ಷೇತ್ರ ಚುರುಕಾಗುತ್ತದೆ ಎಂದು 1996ರಲ್ಲಿ ಸಡಾಟೊ ಮತ್ತು ಸಂಗಡಿಗರು ತೋರಿಸಿದರು. ಆ ಚುರುಕು ಓದಿಗೆ ನಿಜವಾಗಿ ಬೇಕೇ, ಇಲ್ಲವೇ ಸುಮ್ಮನೆ ಜೊತೆಗೂಡಿದ ಗದ್ದಲವೇ ಎಂಬ ಸಂದೇಹ ಉಳಿಯಿತು. ಅದಕ್ಕೆ ಉತ್ತರ ಪ್ರಯೋಗಶಾಲೆಯಿಂದಷ್ಟೇ ಬರಲಿಲ್ಲ, ಒಬ್ಬ ಹೆಂಗಸಿನ ದುರಂತದಿಂದಲೂ ಬಂತು. ಆಕೆ ಹುಟ್ಟು ಕುರುಡಿ; ದಿನಕ್ಕೆ ಗಂಟೆಗಟ್ಟಲೆ ಬ್ರೈಲ್ ಓದುತ್ತಿದ್ದವಳು. ರಕ್ತ ಸಂಚಾರ ನಿಂತು ಆಕೆಯ ಮಿದುಳಿನ ಹಿಂಭಾಗಕ್ಕೆ ಎರಡು ಕಡೆಯೂ ಪೆಟ್ಟಾಯಿತು. ಚೇತರಿಸಿಕೊಂಡ ಮೇಲೆ ಬೆರಳಿಗೆ ಸ್ಪರ್ಶವಿತ್ತು. ತನ್ನ ಮನೆಯ ಬೀಗದ ಕೈಯನ್ನು ಮುಟ್ಟಿ ಗುರುತಿಸಬಲ್ಲವಳಾಗಿದ್ದಳು. ಬ್ರೈಲ್ ಹಾಳೆಯ ಮೇಲೆ ಬೆರಳಿಟ್ಟರೆ ಮಾತ್ರ ಚುಕ್ಕಿಗಳು ಚಪ್ಪಟೆಯಾಗಿ ತೋರುತ್ತಿದ್ದುವು, ಅಕ್ಷರವಾಗುತ್ತಿರಲಿಲ್ಲ. ಎಂದೂ ಬೆಳಕು ಕಾಣದ ದೃಷ್ಟಿಕ್ಷೇತ್ರ ನಾಶವಾದದ್ದರಿಂದ ಆಕೆ ತನ್ನ ಓದನ್ನು ಕಳೆದುಕೊಂಡಳು. 2000ದಲ್ಲಿ ಈ ವೃತ್ತಾಂತ ಪ್ರಕಟವಾಯಿತು. ನರವಿಜ್ಞಾನದಲ್ಲಿ ನಾನು ಓದಿದ ವರದಿಗಳಲ್ಲಿ ಇದರಷ್ಟು ಮನಸ್ಸನ್ನು ಕಲಕಿದ್ದು ಮತ್ತೊಂದಿಲ್ಲ.

ಬೀಳುನೆಲವನ್ನು ಬಗರ್ ಹುಕುಮಿನವನು ಹಲವು ವರ್ಷ ಉತ್ತ ಮೇಲೆ ಮೊದಲಿನ ಒಡೆಯ ಬಂದು ಕೇಳಿದರೆ ಏನಾಗುತ್ತದೆ ಎಂಬುದು ಇಲ್ಲಿಂದ ಏಳುವ ಮುಂದಿನ ಪ್ರಶ್ನೆ. ಇದು ಮಕ್ಕಳ ಕಣ್ಣಿಗೆ ಸಂಬಂಧಿಸಿದ್ದು. ಸುಂಡಿಲಿಯ ಮರಿ ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಒಂದು ಸಾಲು ಮೀಸೆಯನ್ನು ಬುಡಸಹಿತ ನಾಶಮಾಡಿದರೆ ಆ ಸಾಲಿನ ಪೀಪಾಯಿಗಳು ಮಿದುಳಿನಲ್ಲಿ ಮೂಡುವುದೇ ಇಲ್ಲ. ನೆರೆಯ ಪೀಪಾಯಿಗಳು ಉಬ್ಬಿ ಆ ಜಾಗವನ್ನು ತುಂಬುತ್ತವೆ. ವಾರ ಕಳೆದ ಮೇಲೆ ಹಾಗೆ ಮಾಡಿದರೆ ಪೀಪಾಯಿಗಳು ಅಳಿಯುವುದಿಲ್ಲ. ನಕ್ಷೆ ಬರೆಯುವುದಕ್ಕೆ ಒಂದು ಕಾಲವಿದೆ. ಬೆಕ್ಕಿನ ಮರಿಗಳ ಕಣ್ಣುಗಳಲ್ಲಿ ಇಂಥದೇ ಕಾಲಮಿತಿಯನ್ನು ಕಂಡ ಹ್ಯೂಬೆಲ್ ಮತ್ತು ವೀಸೆಲ್ 1981ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಕೆಲವು ಶಿಶುಗಳು ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆ ಹೊತ್ತು ಬರುತ್ತವೆ. ಬಸುರಿಗೆ ರುಬೆಲ್ಲಾ ಜ್ವರ ತಗಲಿದ್ದು ಇದಕ್ಕೆ ಒಂದು ಕಾರಣ. ನಮ್ಮ ರಾಜ್ಯದಲ್ಲಿ 2017ರಲ್ಲಿ ದಡಾರದ ಲಸಿಕೆಯೊಡನೆ ರುಬೆಲ್ಲಾ ಲಸಿಕೆಯನ್ನೂ ಶಾಲೆಶಾಲೆಗಳಲ್ಲಿ ಹಾಕಿದ್ದು ಆ ಕಾರಣದಿಂದಲೇ. ಎರಡೂ ಕಣ್ಣುಗಳಲ್ಲಿ ದಟ್ಟ ಪೊರೆಯಿರುವ ಕೂಸಿಗೆ ಮೊದಲ ಎರಡು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ದೃಷ್ಟಿ ಚೆನ್ನಾಗಿ ಕುದುರುವ ಆಸೆಯಿದೆ. ಕಣ್ಣಿನ ಪಾಪೆಯಲ್ಲಿ ಬಿಳಿ ಮಚ್ಚೆ ಕಂಡೊಡನೆ ವೈದ್ಯರಿಗೆ ತೋರಿಸಬೇಕು. ಕೂಸು ದೊಡ್ಡದಾಗಲಿ, ಗಟ್ಟಿಯಾಗಲಿ, ಆಮೇಲೆ ನೋಡೋಣ ಎಂದು ಅಜ್ಜಿ ಹೇಳಿದರೆ ಅದು ಅಕ್ಕರೆಯ ಮಾತೇ ಹೊರತು ಕಣ್ಣಿಗೆ ಹಿತವಾದ ಮಾತಲ್ಲ. ಮಿದುಳಿನ ಬೇಸಾಯ ಆ ವೇಳೆಗೆ ಬೇರೆಯವರ ಕೈಗೆ ಹೋಗುತ್ತಿರುತ್ತದೆ.

ತಡವಾದರೆ ಎಲ್ಲವೂ ಮುಗಿಯಿತು ಎಂದು ವೈದ್ಯರು ಬಹುಕಾಲ ನಂಬಿದ್ದರು. ಆ ನಂಬಿಕೆ ಅಲುಗಿದ್ದು ನಮ್ಮ ದೇಶದಲ್ಲಿ. 1688ರಲ್ಲಿ ಐರ್ಲೆಂಡಿನ ವಿಲಿಯಂ ಮಾಲಿನೋ ಎಂಬಾತ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಒಂದು ಪ್ರಶ್ನೆ ಬರೆದು ಕಳುಹಿಸಿದ್ದ: ಗೋಳವನ್ನೂ ಘನವನ್ನೂ ಮುಟ್ಟಿ ಬಲ್ಲ ಹುಟ್ಟು ಕುರುಡನಿಗೆ ದೃಷ್ಟಿ ಬಂದರೆ, ಮುಟ್ಟದೆ ಬರಿಯ ನೋಟದಿಂದ ಗೋಳ ಯಾವುದು, ಘನ ಯಾವುದು ಎಂದು ಹೇಳಬಲ್ಲನೆ? ಮಾಲಿನೋನ ಹೆಂಡತಿ ಮದುವೆಯಾದ ಹೊಸದರಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದಳು. ಪ್ರಶ್ನೆ ಕೇವಲ ಪಂಡಿತರ ಕಾಲಕ್ಷೇಪವಾಗಿರಲಿಲ್ಲ.

ಅಮೆರಿಕದ ಎಂ.ಐ.ಟಿ.ಯಲ್ಲಿರುವ ಭಾರತೀಯ ಮೂಲದ ಪವನ್ ಸಿನ್ಹಾ ‘ಪ್ರಾಜೆಕ್ಟ್ ಪ್ರಕಾಶ್’ ಎಂಬ ಯೋಜನೆಯಡಿ ಉತ್ತರ ಭಾರತದ ಹಳ್ಳಿಗಳಿಂದ ಕುರುಡು ಮಕ್ಕಳನ್ನು ಹುಡುಕಿ ತಂದು ದೆಹಲಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುತ್ತ ಬಂದಿದ್ದಾರೆ. ಎಂಟರಿಂದ ಹದಿನೇಳು ವಯಸ್ಸಿನ ಐದು ಮಕ್ಕಳಿಗೆ, ಪೊರೆ ತೆಗೆದು ಕಟ್ಟು ಬಿಚ್ಚಿದ ಕೂಡಲೆ ಮಾಲಿನೋನ ಪರೀಕ್ಷೆಯನ್ನೇ ಒಡ್ಡಲಾಯಿತು. ಆಟದ ಇಟ್ಟಿಗೆಗಳಂಥ ತುಂಡುಗಳು. ಒಂದನ್ನು ಕಾಣದಂತೆ ಕೈಗೆ ಕೊಟ್ಟು, ಆಮೇಲೆ ಎರಡನ್ನು ಕಣ್ಣಿಗೆ ತೋರಿಸಿ, ‘ನೀನು ಮುಟ್ಟಿದ್ದು ಯಾವುದು?’ ಎಂದು ಕೇಳಿದರು. ನೋಡಿದ್ದನ್ನು ನೋಡಿ ಗುರುತಿಸಿದರು, ಮುಟ್ಟಿದ್ದನ್ನು ಮುಟ್ಟಿ ಗುರುತಿಸಿದರು. ಮುಟ್ಟಿದ್ದನ್ನು ನೋಡಿ ಹೇಳು ಎಂದರೆ ಮಾತ್ರ ಕಣ್ಣುಮುಚ್ಚಿ ಆರಿಸಿದಂತೆ ತಡವರಿಸಿದರು. ಕೈ ಬಲ್ಲ ಜಗತ್ತೂ ಕಣ್ಣು ಕಂಡ ಜಗತ್ತೂ ಒಂದನ್ನೊಂದು ಅರಿಯದ ಎರಡು ಊರುಗಳಂತಿದ್ದುವು. ಅವರಲ್ಲಿ ಕೆಲವರನ್ನು ವಾರದೊಳಗೆ ಮತ್ತೆ ಕರೆದು ಅದೇ ಪ್ರಶ್ನೆ ಕೇಳಿದರು. ಈ ನಡುವೆ ಅವರಿಗೆ ಯಾರೂ ಪಾಠ ಹೇಳಿರಲಿಲ್ಲ. ಮನೆಮಂದಿಯ ನಡುವೆ ಪಾತ್ರೆ ಪಡಗಗಳನ್ನು ಮುಟ್ಟುತ್ತ ನೋಡುತ್ತ ಇದ್ದರು, ಅಷ್ಟೆ. ಈ ಸಲ ಅವರು ಬಹುಪಾಲು ಸರಿಯಾಗಿಯೇ ಹೇಳಿದರು.